ಒಕ್ಕಣ್ಣೂರಿನ ಅಡುಗೆಯವಳು

ಪುಟ್ಟನಂಜಮ್ಮ ಜಿಪುಣಿ. ಕೈ ಹಿಡಿತ ಬಡವರಿಗೆ ಸಹಜ, ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಇವಳದು ಬೇರೆ ಬಗೆ. ಯಾರಿಗೂ ಯಾವುದನ್ನೂ, ಒಂದು ಮಾತನ್ನು ಕೂಡ, ಬದಲಿಗೆ ಕೆಲಸ ಮಾಡಿಸಿಕೊಳ್ಳದೆ ಕೊಟ್ಟವಳಲ್ಲ. ದಾರಿಯಲ್ಲಿ ಬಸ್ಸು ಹೋಯಿತೇ ಎಂದು ಕೇಳಿದರೆ, "ಈ ಚೀಲದ್ದು ಒಂದು ಕಿವಿ ಇಡ್ಕೊ, ಯೋಳ್ತೀನಿ" ಎನ್ನುತ್ತಾಳೆ. ಚೀಲ ಅವಳ ಮನೆ ಮುಟ್ಟಿದ ಮೇಲೆ, ಬಸ್ಸು ಹೋಗಿ ಅರ್ಧ ಗಂಟೆಯಾಯಿತು ಎಂದು ತಿಳಿಯುತ್ತದೆ.

ದೊಡ್ಡಗಾಜನೂರು ದಾಟಿ ಕಾಡಿನ ಕಡೆಗೆ ಹೋದರೆ ನಮ್ಮೂರು. ಮಾತು ಕನ್ನಡ, ಸರ್ಕಾರ ತಮಿಳುನಾಡಿನದು. ಹೆಸರು ಬರೆಯುವುದಿಲ್ಲ, ಬರೆದರೆ ಹಳೆಯ ಕಡತ ತೆಗೆಯಲು ಕೆಲವರಿಗೆ ಅನುಕೂಲ. ಇಲ್ಲಿನ ಕನ್ನಡ ಶಾಲೆಯಲ್ಲಿ ಮೂವತ್ತೆಂಟು ಮಕ್ಕಳು, ಇಬ್ಬರು ಮೇಷ್ಟ್ರು, ಒಂದು ಅಡುಗೆಮನೆ. ಅಡುಗೆಮನೆ ಪುಟ್ಟನಂಜಮ್ಮನದು. ಅದು ಸರ್ಕಾರದ್ದು ಎಂದು ಗೋಡೆಯ ಮೇಲೆ ತಮಿಳಿನಲ್ಲಿ ಬರೆದಿದೆ. ಅವಳು ತಮಿಳು ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ.

ವಯಸ್ಸು ಐವತ್ತೇಳು. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಹೊಲವಿಲ್ಲ. ಮಗಳನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದಾಳೆ, ಆದರೆ ಅಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಲ್ಲಲಾರಳು, ಏಕೆಂದರೆ ಆ ಮನೆಯಲ್ಲಿ ಕೆಲಸ ಹೇಳುವವಳು ಮಗಳು. ಇಲ್ಲಿ ಕೆಲಸದಿಂದ ನಿವೃತ್ತಿಯಾಗಲು ಇನ್ನು ಮೂರು ವರ್ಷ ಇದೆ. ಆ ಮೂರು ವರ್ಷವನ್ನು ಅವಳು ಸೆರಗಿನ ಗಂಟಿನಂತೆ ಬಿಗಿಯಾಗಿ ಹಿಡಿದಿದ್ದಾಳೆ. "ಈ ಒಲೆ ಬುಟ್ರ ನಂಗೇನದ?" ಎಂದು ಕೇಳುತ್ತಾಳೆ. ಉತ್ತರ ಹೇಳಲು ಹೋದರೆ ಸೌದೆ ಒಡೆಸುತ್ತಾಳೆ.

ನನ್ನ ಮನೆಯ ಹಿಂದಿನ ಕಿಟಕಿಗೂ ಆ ಅಡುಗೆಮನೆಯ ಬಾಗಿಲಿಗೂ ನಡುವೆ ಒಂದು ನುಗ್ಗೆಮರ, ಅಷ್ಟೇ. ಆದ್ದರಿಂದ ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದು ನಾನೇ ಕಂಡದ್ದು, ಕೇಳಿದ್ದು. ಕದ್ದು ಕೇಳಿದ್ದು ಎನ್ನುವವರು ಎನ್ನಲಿ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಾದಂಬರಿ ಪಾಠ ಹೇಳಿದವಳಿಗೆ ಸುಮ್ಮನೆ ಕೇಳಿಸಿಕೊಳ್ಳುವ ಸರದಿ ಬರುವುದು ನಿವೃತ್ತಿಯ ನಂತರವೇ.

ಒಕ್ಕಣ್ಣೂರು ಹುಟ್ಟಿದ್ದರಲ್ಲಿ ನನ್ನ ತಪ್ಪೂ ಇದೆ. ಪಾತ್ರೆ ತೊಳೆದ ಮೇಲೆ ಪುಟ್ಟನಂಜಮ್ಮ ಕಾಫಿಗೆ ನನ್ನಲ್ಲಿಗೆ ಬರುತ್ತಾಳೆ. ಬದಲಿಗೆ ನನ್ನದೇ ಮರದ ನುಗ್ಗೆಸೊಪ್ಪು ಬಿಡಿಸಿ ನನಗೇ ಕೊಡುತ್ತಾಳೆ. ಹೋದ ಜೂನಿನಲ್ಲಿ ಒಂದು ದಿನ, ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಕೇಳಿದಳು.

"ಅದ್ನೇ ಓದ್ತಿದ್ದೀರಲ್ಲ ಮೇಡಮ್ಮೋರೆ, ಮೊನ್ನೇನೂ ಅದೇ ಕೆಂಪು ರಟ್ಟು. ಏನದ ಅದ್ರಲ್ಲಿ?"

ಹೇಳಿದೆ. ಎಲ್ಲರ ಮನೆಯ ಗೋಡೆಯ ಮೇಲೂ ಒಂದು ಕಣ್ಣು, ಅದು ಎಲ್ಲವನ್ನೂ ನೋಡುತ್ತದೆ. ಅಂಥ ಒಂದು ದೇಶ. ಅದರ ಪಕ್ಕದಲ್ಲಿದ್ದ ಇನ್ನೊಂದು ಪುಸ್ತಕದಲ್ಲಿ ಜನಕ್ಕೆ ಮಾತ್ರೆ ಕೊಟ್ಟು ನಗಿಸುವ ದೇಶ. ಮತ್ತೊಂದರಲ್ಲಿ ಪುಸ್ತಕವನ್ನೆಲ್ಲ ಸುಟ್ಟ ದೇಶ. ಮೂರು ದಿನದ ಕಾಫಿಗೆ ಮೂರು ದೇಶ ಮುಗಿದವು.

"ಕೊನೇಲಿ ಏನಾಯ್ತದ?"

"ಎದುರು ನಿಂತವರೆಲ್ಲ ಸೋಲುತ್ತಾರೆ. ಕೊನೆಗೆ ತಮ್ಮನ್ನು ತುಳಿದವನನ್ನೇ ಮೆಚ್ಚುತ್ತಾರೆ."

ಪುಟ್ಟನಂಜಮ್ಮ ಲೋಟ ಕೆಳಗಿಟ್ಟಳು. "ಇದ ತಿಳ್ಕಳಕ ಅಷ್ಟು ದೂರದ ಪುಸ್ತಕ ಯಾಕ ಬೇಕು? ನಮ್ಮ ಕೇರೀಲಿ ಮದ್ವಾದ ಎಂಗುಸ್ರನ್ನ ಕೇಳಿದ್ರ ಯೋಳ್ತಿದ್ರು."

ಮೂವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಹೀಗೆ ಬರೆದಿರಲಿಲ್ಲ. ಬರೆದಿದ್ದರೆ ಅಂಕ ಕಳೆಯುತ್ತಿದ್ದೆ.

ಮರುದಿನ ಹನ್ನೊಂದು ಗಂಟೆಯ ಬಿಡುವಿನಲ್ಲಿ ಕಿಟಕಿಯ ಆಚೆಯಿಂದ ಅವಳ ದನಿ ಕೇಳಿಸಿತು. ಹತ್ತು ಹನ್ನೆರಡು ಮಕ್ಕಳು ಅಡುಗೆಮನೆಯ ಹೊಸ್ತಿಲ ಸುತ್ತ ಕುಕ್ಕರಗಾಲಲ್ಲಿ ಕುಳಿತಿದ್ದರು. ಪ್ರತಿಯೊಬ್ಬರ ಮುಂದೆ ಒಂದು ಗೆಡ್ಡೆ ಬೆಳ್ಳುಳ್ಳಿ. ಅವಳು ಮಾತ್ರ ಮಣೆಯ ಮೇಲೆ, ಕೈ ಕಟ್ಟಿಕೊಂಡು.

"ಒಕ್ಕಣ್ಣೂರು ಅಂತ ಒಂದೂರು. ಸುತ್ತ ಕರೆಂಟ್ ಬೇಲಿ. ಆನೆಗೊಳು ಬೇಲಿಯಿಂದ ಆಚ್ಗ, ಬೇಕಾದಂಗ ಓಡಾಡ್ಕೊಂಡು. ಜನ ಒಳಕ್ಕ."

"ನಮ್ಮೂರ್ನಂಗೇನ?" ಎಂದು ಒಂದು ಮಗು ಕೇಳಿತು.

"ಸುಲಿ ಸುಲಿ, ಬಾಯಿ ಆಮೇಲ. ಭಾನ್ವಾರ ಆನೆಗೊಳು ಮರಿಗುಳ್ನ ಕರ್ಕೊಂಡು ಬಂದು ಬೇಲಿ ತಾವು ನಿಂತ್ಕೊಂಡು ಜನುನ್ನ ನೋಡವು. ನೋಡ್ಲಾ ಮಗ, ಅದು ಗಂಡು, ಅದ್ಕ ಮೀಸ ಅದ ಅಂತ ತೋರ್ಸವು."

ಆ ಊರನ್ನು ಆಳುವವನು ಒಕ್ಕಣ್ಣಪ್ಪ. ಅವನಿಗೆ ಮೈಯಿಲ್ಲ, ಬಾಯಿಲ್ಲ, ಬರೀ ಒಂದು ಕಣ್ಣು, ಅದು ಮರಮರಕ್ಕೂ ಕಟ್ಟಿದೆ. ವಾರಕ್ಕೊಂದು ಮಾತನ್ನು ಅವನು ಊರಿನಿಂದ ಎತ್ತಿಕೊಂಡು ಹೋಗುತ್ತಾನೆ. ಆ ವಾರದಿಂದ ಅದನ್ನು ಯಾರೂ ಆಡುವಂತಿಲ್ಲ. ಮೊದಲು ಹೋದ ಮಾತು "ಯಾಕೆ". ಬೆಳಿಗ್ಗೆ ಎಲ್ಲರಿಗೂ ಒಂದು ಬಿಳಿ ಮಾತ್ರೆ. ನುಂಗಿದರೆ ಅಜ್ಜಿಯ ಮುಖ ಮರೆತುಹೋಗುತ್ತದೆ. ಒಬ್ಬರ ಮೇಲೆ ಒಬ್ಬರು ಚಾಡಿ ಹೇಳಿದರೆ ಎದೆಗೆ ತಗಡಿನ ಬಿಲ್ಲೆ ಸಿಗುತ್ತದೆ. ಬಿಲ್ಲೆ ಹಾಕಿಕೊಂಡವರ ಜೊತೆ ಯಾರೂ ಮಾತಾಡುವುದಿಲ್ಲ. ಮಕ್ಕಳೆಲ್ಲ ಇಡೀ ದಿನ ದುಡಿಯುತ್ತಾರೆ.

"ಏನ್ ದುಡೀತಾರ ನಂಜವ್ವ?"

"ಬೆಳ್ಳುಳ್ಳಿ ಸುಲೀತಾರ. ಬೇಗ ಬೇಗ ಸುಲಿ."

ಮಕ್ಕಳು ಆ ಊರಿನ ಮಕ್ಕಳಿಗಾಗಿ ಕನಿಕರಪಡುತ್ತ ಸುಲಿದರು. ಒಂದು ಗೆಡ್ಡೆ ಮುಗಿಯುವಷ್ಟಕ್ಕೆ ಕಥೆ ಸರಿಯಾದ ಜಾಗದಲ್ಲಿ ನಿಲ್ಲುತ್ತಿತ್ತು. ಉಳಿದದ್ದು ಬೇಕಾದರೆ ಅಕ್ಕಿಯಲ್ಲಿ ಕಲ್ಲು ಆರಿಸಬೇಕು. ಮೊಟ್ಟೆಯ ದಿನ ಮೊಟ್ಟೆ ಸುಲಿಯಬೇಕು. ಜೂನಿನಿಂದ ಅಕ್ಟೋಬರಿನವರೆಗೆ ಪುಟ್ಟನಂಜಮ್ಮ ಅಡುಗೆಮನೆಯಲ್ಲಿ ಸೌಟು ಬಿಟ್ಟು ಬೇರೇನನ್ನೂ ಮುಟ್ಟಿದ್ದನ್ನು ನಾನು ಕಾಣೆ.

"ಇದಕ್ಕೊಂದು ಕೊನೆ ಇಟ್ಟಿದ್ದೀಯಾ, ನಂಜಮ್ಮ?" ಎಂದು ಒಮ್ಮೆ ಕೇಳಿದೆ.

"ಕೊನೆ ಯೋಳ್ಬುಟ್ರ ನಾಳಕ ಯಾರು ಸುಲೀತಾರ?"

ಆಗಸ್ಟಿನಲ್ಲಿ ಜಂತುಹುಳದ ಮಾತ್ರೆಯ ದಿನ ಬಂತು. ನರ್ಸಮ್ಮ ಸಾಲಾಗಿ ನಿಲ್ಲಿಸಿ ಒಂದೊಂದು ಬಿಳಿ ಮಾತ್ರೆ ಕೊಟ್ಟಳು. ಮೂವತ್ತೆಂಟು ಮಕ್ಕಳೂ ನಾಲಿಗೆಯ ಕೆಳಗೆ ಅದುಮಿಟ್ಟುಕೊಂಡು ಹೋಗಿ ನುಗ್ಗೆಮರದ ಬುಡದಲ್ಲಿ ಉಗಿದರು. ಅಜ್ಜಿಯರ ಮುಖ ಉಳಿಯಿತು, ಹುಳವೂ ಉಳಿಯಿತು. ಹೆಡ್‌ಮಾಸ್ಟರ್ ರುದ್ರಸ್ವಾಮಿ ಅಡುಗೆಮನೆಗೆ ಬಂದು, "ಏನಮ್ಮ, ಮಕ್ಕಳಿಗೆ ಏನೇನೋ ಹೇಳ್ತೀಯಂತೆ" ಎಂದರು. ಅವರು ಒಳ್ಳೆಯ ಮನುಷ್ಯ. ಯಾವ ವಾಕ್ಯವನ್ನೂ ಪೂರ್ತಿ ಸಿಟ್ಟಿನಿಂದ ಮುಗಿಸಲಾರರು. "ಊಟುದ ವಿಚಾರ ಯೋಳ್ತೀನಿ ಸಾರ್" ಎಂದಳು ಪುಟ್ಟನಂಜಮ್ಮ. ಅಲ್ಲಿಗೆ ಮುಗಿಯಿತು.

ಕ್ಯಾಮೆರಾದ ವಿಷಯ ಅಲ್ಲಿಗೆ ಮುಗಿಯುವಂಥದ್ದಾಗಿರಲಿಲ್ಲ.

ಶಾಲೆಯ ಕೆಲವು ಮಕ್ಕಳು ಕಾಡಿನಂಚಿನ ಪೋಡಿನಿಂದ, ಎಂದರೆ ಕಾಡಿನವರ ಹಾಡಿಯಿಂದ, ನಡೆದು ಬರುತ್ತಾರೆ. ಆ ಕಾಲುದಾರಿಯಲ್ಲಿ ಹುಲಿ ಎಣಿಸಲು ಅರಣ್ಯದವರು ಎರಡು ಮರಕ್ಕೆ ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟಿದ್ದರು. ಅವನ್ನು ಕಟ್ಟಿದ್ದು, ನೋಡಿಕೊಳ್ಳುವುದು, ಪೋಡಿನ ಚಿಕ್ಕಣ್ಣ. ಅವನು ಅರಣ್ಯದವರಲ್ಲಿ ದಿನಗೂಲಿ ಕಾವಲುಗಾರ. ಅವನ ಮಗಳು ಬಿಂದುಶ್ರೀ, ನಾಲ್ಕನೇ ತರಗತಿ, ಹಲ್ಲು ಬಿದ್ದ ಬಾಯಿ, ಬೆಳ್ಳುಳ್ಳಿ ಸುಲಿಯುವುದರಲ್ಲಿ ಎಲ್ಲರಿಗಿಂತ ಚುರುಕು.

ಸೆಪ್ಟೆಂಬರಿನ ಕಂತಿನಲ್ಲಿ ಬಿಂದುಶ್ರೀ ಕೇಳಿದಳು: "ಒಕ್ಕಣ್ಣಪ್ಪುಂಗ ಯಾಕ ಅಷ್ಟು ಕ್ವಾಪ?"

ಪುಟ್ಟನಂಜಮ್ಮನಿಗೆ ಅಂದು ಮೂರು ಗೆಡ್ಡೆ ಹೆಚ್ಚು ಸುಲಿಸುವುದಿತ್ತು. ತೋಚಿದ್ದನ್ನು ಹೇಳಿದಳು. "ಅವ್ನು ಊರ್ನೆಲ್ಲ ನೋಡ್ತಾನ. ಉಂಡ್ಯಾ ಅಂತ ಅವುನ್ನ ಒಬ್ರಾದ್ರೂ ಕೇಳವ್ರಾ? ನಿನ್ನನ್ನೂ ಯಾರೂ ಕೇಳ್ದೆ ಮರುಕ್ಕ ಕಟ್ಟಾಕಿದ್ರ ನಿಂಗೂ ಕ್ವಾಪ ಬತ್ತಿತ್ತು."

ನಾನು ಪಾಠ ಮಾಡಿದ ಆ ದೇಶಗಳ ಯಾವ ಪ್ರಜೆಗೂ ಮುಂದಿನದು ಹೊಳೆಯುತ್ತಿರಲಿಲ್ಲ. ಅವರು ಕಣ್ಣಿಗೆ ಹೆದರುತ್ತಿದ್ದರು, ಬಚ್ಚಿಟ್ಟುಕೊಳ್ಳುತ್ತಿದ್ದರು, ಕಲ್ಲು ಹೊಡೆಯುತ್ತಿದ್ದರೋ ಏನೋ. ನಮ್ಮ ಬೆಟ್ಟದಲ್ಲಿ ಮರದ ಬುಡದಲ್ಲಿ ನಿಂತು ರೆಪ್ಪೆ ಬಡಿಯದೆ ನೋಡುವುದು ಏನಿದ್ದರೂ ಅದಕ್ಕೆ ಪೂಜೆ ಆಗುತ್ತದೆ. ಮಕ್ಕಳು ದಿನಾ ಬೆಳಿಗ್ಗೆ ಶಾಲೆಗೆ ಬರುವಾಗ ಎರಡೂ ಕ್ಯಾಮೆರಾದ ಗಾಜಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಕಟ್ಟಿದ ಪಟ್ಟಿಗೆ ಕಣಗಿಲೆ ಸಿಕ್ಕಿಸಿದರು. ಬಾಯಿ ಎಲ್ಲಿದೆ ಎಂದು ಹುಡುಕಿ, ಕೆಳಗಿನ ಸಂದಿಯೊಂದು ಬಾಯಿಯಿದ್ದಂತೆ ಕಂಡು, ಅದರೊಳಗೆ ಬೆಲ್ಲ ಒತ್ತಿದರು. "ಉಣ್ಣಪ್ಪ" ಎಂದು ಕೈ ಮುಗಿದು ಬಂದರು. ಮೂರು ವಾರ.

ಬೆಲ್ಲವನ್ನು ಒಕ್ಕಣ್ಣಪ್ಪ ಉಣ್ಣಲಿಲ್ಲ, ಇರುವೆ ಉಂಡವು. ಉಂಡು ಒಳಗೇ ಸಂಸಾರ ಹೂಡಿದವು. ಚಿಕ್ಕಣ್ಣ ಅಷ್ಟೂ ದಿನ ಹಾಸನೂರಿನ ಕಡೆಯ ಕಾಡಿಗೆ ಪ್ರಾಣಿ ಎಣಿಸುವ ಕೆಲಸಕ್ಕೆ ಹೋಗಿದ್ದ. ತಿರುಗಿ ಬಂದು ಡಬ್ಬಿ ಬಿಚ್ಚಿದಾಗ ಕ್ಯಾಮೆರಾ ಎರಡೂ ಸತ್ತಿದ್ದವು. ಒಳಗಿನ ಕಾರ್ಡಿನಲ್ಲಿ ಹುಲಿಯಿರಲಿಲ್ಲ. ಬಿಳಿ ಮಂಜು, ಮೂಗಿನ ಹೊಳ್ಳೆ, ಮತ್ತೆ ಮಂಜು, ಬೆಲ್ಲ ಹಿಡಿದ ಪುಟ್ಟ ಕೈ, ಶಾಲೆಯ ಅಂಗಿಯ ತೋಳು.

ಮುಂದಿನ ಗುರುವಾರ ಮಧ್ಯಾಹ್ನ ಅರಣ್ಯದ ಅಧಿಕಾರಿಯೊಬ್ಬ ಜೀಪಿನಲ್ಲಿ ಬಂದ. ಬಯಲುಸೀಮೆಯ ತಮಿಳು ಹುಡುಗ, ಬೂಟು ಹೊಸದು. ಮಕ್ಕಳನ್ನು ಜಗಲಿಯಲ್ಲಿ ಕೂರಿಸಿದರು. ಚಿಕ್ಕಣ್ಣ ಕಂಬಕ್ಕೆ ಒರಗದೆ, ಕಂಬದಂತೆ ನಿಂತಿದ್ದ. ನಾನು ಹಿಂಬಾಗಿಲಿನಿಂದ ಬಂದು ನಿಂತೆ. ಯಾರೂ ಬರಬೇಡಿ ಎನ್ನಲಿಲ್ಲ.

"ಯಾರ್ ಸೊನ್ನದು?" ಎಂದ ಅಧಿಕಾರಿ. ರುದ್ರಸ್ವಾಮಿ ಕನ್ನಡದಲ್ಲಿ ಹೇಳಿದರು: "ಹೀಗೆ ಮಾಡಿ ಅಂತ ಹೇಳಿಕೊಟ್ಟವರು ಯಾರು?"

ಮಕ್ಕಳು ನೆಲ ನೋಡಿದರು. ತಗಡಿನ ಬಿಲ್ಲೆ ಯಾರಿಗೂ ಬೇಡವಾಗಿತ್ತು.

ಅಧಿಕಾರಿಗೆ ಯಾರೋ ಮೊದಲೇ ಸುಳಿವು ಕೊಟ್ಟಿರಬೇಕು. ಅಡುಗೆಮನೆಯ ಬಾಗಿಲಲ್ಲಿದ್ದ ಪುಟ್ಟನಂಜಮ್ಮನ ಕಡೆ ತಿರುಗಿ, ಕಥೆಗಿತೆ ಹೇಳುತ್ತೀಯಾ ಎಂದು ತಮಿಳಿನಲ್ಲಿ ಕೇಳಿದ.

"ನಂಗ ಕತೆ ಬರಲ್ಲ ಸಾರ್," ಎಂದಳು ಅವಳು. "ಸಾಂಬಾರ್ ಬತ್ತದ."

"ನಿನ್ನ ಮೇಲಿನ ಆಫೀಸಿಗೆ ಬರೆದರೆ ಕೆಲಸ ಹೋಗುತ್ತದೆ, ಗೊತ್ತಾ?"

"ಬರೀರಿ ಸಾರ್. ಬೇಳೆ ಗಟ್ಟಿ ಅದ ಅಂತ್ಲೂ ಸೇರ್ಸಿ ಬರೀರಿ."

ನಗು ಬಂದಿತು, ನುಂಗಿದೆ. ಆದರೆ ಅವಳ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಆ ಮೂರು ವರ್ಷ ಅಲ್ಲೇ ಇದ್ದವು.

ಅಧಿಕಾರಿ ನೋಟುಪುಸ್ತಕ ಮುಚ್ಚಿದ. ಹಾಗಾದರೆ ಯಾರೂ ಹೇಳಿಕೊಟ್ಟಿಲ್ಲ, ಕಾವಲುಗಾರ ನೋಡಿಕೊಂಡಿಲ್ಲ, ಅಷ್ಟೇ. ನಾಳೆಯಿಂದ ಚಿಕ್ಕಣ್ಣ ಬರುವುದು ಬೇಡ ಎಂದ. ಚಿಕ್ಕಣ್ಣ "ಸರಿ ಸಾರ್" ಎಂದ.

ಬಿಂದುಶ್ರೀ ಎದ್ದು ನಿಂತಳು.

"ಕತೆ ಯೋಳಿದ್ದು ನಂಜವ್ವ. ಬೆಲ್ಲ ಇಟ್ಟುದ್ದು ನಾನು. ನಮ್ಮಪ್ಪ ಊರ್ಲೇ ಇರ್ನಿಲ್ಲ."

"ಬೆಲ್ಲ ಎಲ್ಲಿಂದ ಬಂತು?" ಎಂದರು ರುದ್ರಸ್ವಾಮಿ.

"ಅಡ್ಗಮನೆ ಡಬ್ಬಿಯಿಂದ. ದಿನಾ ಒಂದು ಉಂಡೆ."

ಪುಟ್ಟನಂಜಮ್ಮ ಅಲ್ಲಿಯವರೆಗೆ ಮುಖ ಗಟ್ಟಿ ಮಾಡಿಕೊಂಡೇ ಇದ್ದಳು. ಬೆಲ್ಲದ ಮಾತಿಗೆ ಮುಖ ಒಡೆಯಿತು. "ಮೂರು ವಾರದಿಂದ ನಾನು ಇಲಿ ಅನ್ಕೊಂಡಿದ್ನಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು. ಆ ಮಾತಿನಿಂದ ಉಳಿದದ್ದೆಲ್ಲ ಒಪ್ಪಿದಂತಾಯಿತು.

ಚಿಕ್ಕಣ್ಣನ ಕೆಲಸ ಉಳಿಯಿತು. ಪುಟ್ಟನಂಜಮ್ಮನ ಕೆಲಸ ಎರಡು ವಾರ ಗಾಳಿಯಲ್ಲಿ ತೂಗಿತು. ಆ ಎರಡು ವಾರ ಅವಳು ಕಾಫಿಗೆ ಬಂದು, ನುಗ್ಗೆಸೊಪ್ಪು ಕೂಡ ತರದೆ, ಬಿಂದುಶ್ರೀಯನ್ನು ಬೈದಳು. "ನನ್ನ ಒಲೆಗ ನೀರುಯ್ದ ಮೂದೇವಿ. ಮೊಳದುದ್ದ ಇಲ್ಲ, ನನ್ನ ಮೂರು ವರ್ಸ ನುಂಗಾಕ ಬಂದ್ಲು."

"ಅವಳು ಅಪ್ಪನಿಗಾಗಿ ಹೇಳಿದಳು, ನಂಜಮ್ಮ."

"ಅವ್ರಪ್ಪುಂಗ ಕಾಡದ. ನಂಗ ಯಾವ ಕಾಡದ?"

ಮೇಲಿನ ಆಫೀಸಿನಿಂದ ಕಾಗದ ಬಂತು, ತಮಿಳಿನಲ್ಲಿ, ಮೊಹರಿನ ಸಮೇತ. ರುದ್ರಸ್ವಾಮಿ ಜಗಲಿಯಲ್ಲಿ ನಿಂತು ಕನ್ನಡದಲ್ಲಿ ಓದಿ ಹೇಳಿದರು. ಅಡುಗೆಮನೆಯ ಸಿಬ್ಬಂದಿ ಮಕ್ಕಳಿಗೆ ಯಾವುದೇ ಬಗೆಯ ಕಥೆ ಹೇಳತಕ್ಕದ್ದಲ್ಲ. ಅಡುಗೆಮನೆಯಲ್ಲಿ ಕಥೆ ನಡೆದದ್ದು ಮತ್ತೆ ಗಮನಕ್ಕೆ ಬಂದರೆ ಕೆಲಸದಿಂದ ತೆಗೆಯಲಾಗುವುದು. ಈ ಆದೇಶವನ್ನು ಕಾಣುವಂತೆ ಗೋಡೆಗೆ ಅಂಟಿಸಬೇಕು. ಒಕ್ಕಣ್ಣಪ್ಪ ಕೂಡ ಇಷ್ಟು ಚೊಕ್ಕವಾಗಿ ಬರೆಯಿಸಿರಲಿಲ್ಲ. ಮಕ್ಕಳಿಂದ ಬೆಳ್ಳುಳ್ಳಿ ಸುಲಿಸಬಾರದು ಎಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅದು ಯಾರಿಗೂ ತಪ್ಪಾಗಿ ಕಂಡಿರಲಿಲ್ಲ.

ಪುಟ್ಟನಂಜಮ್ಮ ಸಹಿ ಹಾಕಿದಳು. ಅನ್ನದ ಗಂಜಿಯಿಂದ ಕಾಗದವನ್ನು ಒಲೆಯ ಮೇಲಿನ ಗೋಡೆಗೆ ತಾನೇ ಅಂಟಿಸಿದಳು. ಕಥೆ ನಿಂತಿತು, ಬೆಳ್ಳುಳ್ಳಿಯೂ ನಿಂತಿತು. ಹನ್ನೊಂದು ಗಂಟೆಗೆ ಮಕ್ಕಳು ಹೊಸ್ತಿಲ ಕಡೆ ನೋಡಿ ಆಟಕ್ಕೆ ಹೋಗುತ್ತಿದ್ದರು. ಸಾಂಬಾರಿನಲ್ಲಿ ಬೆಳ್ಳುಳ್ಳಿ ಸಿಪ್ಪೆ ಸಮೇತ ತೇಲತೊಡಗಿತು.

ಮಕ್ಕಳು ಆಡುತ್ತಿದ್ದರು, ಬಿಂದುಶ್ರೀ ಆಡುತ್ತಿರಲಿಲ್ಲ. ಒಕ್ಕಣ್ಣೂರಿನ ಕಾನೂನು ಇದೊಂದು ಶಾಲೆಯಲ್ಲಿ ಅಕ್ಷರಶಃ ಜಾರಿಗೆ ಬಂದಿತ್ತು. ಯಾರೋ ತಗಡಿನ ಮುಚ್ಚಳಕ್ಕೆ ತೂತು ಮಾಡಿ, ದಾರ ಪೋಣಿಸಿ, ಅವಳ ಚೀಲದಲ್ಲಿ ಹಾಕಿದ್ದರು. ಊಟಕ್ಕೆ ಅವಳ ಎರಡೂ ಪಕ್ಕ ಒಂದೊಂದು ತಟ್ಟೆಯ ಜಾಗ ಖಾಲಿ. ಪುಟ್ಟನಂಜಮ್ಮ ಬಡಿಸುತ್ತ ಆ ಖಾಲಿ ಜಾಗದ ಮುಂದೆ ನಿಂತು, ಸೌಟನ್ನು ಒಂದು ಗಳಿಗೆ ತಡೆದು, ಮುಂದೆ ಹೋಗುವುದನ್ನು ನಾನು ಎರಡು ಸಲ ನೋಡಿದೆ. ಸಾಂಬಾರು ಎಷ್ಟು ಉಳಿಯಿತೆಂದು ಲೆಕ್ಕ ಹಾಕುತ್ತಿದ್ದಾಳೆ ಎಂದುಕೊಂಡೆ. ಅವಳನ್ನು ಬಲ್ಲವರು ಹಾಗೆಯೇ ಎಂದುಕೊಳ್ಳುತ್ತಿದ್ದರು.

ನವೆಂಬರಿನ ಒಂದು ಸೋಮವಾರ, ಹನ್ನೊಂದು ಗಂಟೆಯ ಬಿಡುವಿನಲ್ಲಿ, ಪುಟ್ಟನಂಜಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಕೂಗಿದಳು. "ಏ ಚಿಕ್ಕಣ್ಣುನ್ ಮಗ್ಳೇ. ಬಾ ಇಲ್ಲಿ."

ಅಂಗಳದಲ್ಲಿ ಆಟ ನಿಂತಿತು. ಬಿಂದುಶ್ರೀ ಹೆಜ್ಜೆ ಎಣಿಸುತ್ತ ಬಂದಳು. ನಾನು ಕಿಟಕಿಯನ್ನು ಇನ್ನಷ್ಟು ತೆರೆದೆ.

"ಕುಂತ್ಕೊ."

ಹುಡುಗಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬೆಳ್ಳುಳ್ಳಿಗೆ ಕೈ ಚಾಚಿದಳು.

"ಅಲ್ಲಲ್ಲ, ಮಣೆ ಮ್ಯಾಕ."

ಹುಡುಗಿ ಮಣೆಯ ಮೇಲೆ ಕುಳಿತಳು. ಪುಟ್ಟನಂಜಮ್ಮ ಮಂಡಿ ಹಿಡಿದುಕೊಂಡು, ಉಶ್ ಎನ್ನುತ್ತ, ನೆಲಕ್ಕೆ ಇಳಿದಳು. ಬೆಳ್ಳುಳ್ಳಿಯ ಮೊರವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ನಾನು ಯೋಳಂಗಿಲ್ಲ, ಸೈನ್ ಆಕಿವ್ನಿ. ಕೊನೆ ನಂಗೂ ಗೊತ್ತಿಲ್ಲ. ನೀನು ಯೋಳು."

ಬಿಂದುಶ್ರೀ ಗೋಡೆಯ ಕಾಗದವನ್ನೊಮ್ಮೆ ನೋಡಿದಳು. ಆಮೇಲೆ ಅಂಗಳದಲ್ಲಿ ನಿಂತಿದ್ದ ಮಕ್ಕಳನ್ನು ನೋಡಿದಳು.

"ಒಕ್ಕಣ್ಣಪ್ಪುನ ಕಣ್ಣೊಳಕ್ಕ ಇರುವೆ ನುಗ್ಗುದ್ವು," ಎಂದು ಶುರು ಮಾಡಿದಳು. "ಉಜ್ಕೊಳಕ ಅವುಂಗ ಕೈಯಿಲ್ಲ. ಉಜ್ಜಿ ಅಂತ ಕೇಳಕ ಬಾಯಿಲ್ಲ. ಕಣ್ಣಲ್ಲಿ ನೀರು ಸುರೀತದ, ಸುರೀತದ. ಊರೋರೆಲ್ಲ ನೋಡ್ತಾ ನಿಂತವ್ರ."

ಮಕ್ಕಳು ಒಬ್ಬೊಬ್ಬರಾಗಿ ಹೊಸ್ತಿಲ ಕಡೆ ಸರಿದರು. ಒಬ್ಬ ಹುಡುಗ ಬಂದು, ಅವಳ ಪಕ್ಕದ ಜಾಗ ಬಿಟ್ಟು, ಅದರಾಚೆಗಿನ ಜಾಗದಲ್ಲಿ ಕುಳಿತ. ಪುಟ್ಟನಂಜಮ್ಮನ ಉಗುರಿಗೆ ಸುಲಿಯುವ ಕೆಲಸ ಮರೆತುಹೋಗಿತ್ತು. ಒಂದು ಎಸಳಿಗೆ ನಾಲ್ಕು ಸಲ ಜಾರುತ್ತಿತ್ತು.

"ಆಗ ಒಬ್ಳು ಉಡ್ಗಿ ಮುಂದ್ಕ ಬಂದ್ಲು. ಕೈಯೆತ್ತಿ ಅವುನ್ ಕಣ್ ತಾವ್ಕ ತಕ್ಕಂಡೋದ್ಲು," ಎಂದು ಬಿಂದುಶ್ರೀ ನಿಲ್ಲಿಸಿದಳು. ಮೊರದ ಕಡೆ ನೋಡಿದಳು. ಒಂದು ಗೆಡ್ಡೆ ಮುಗಿದಿತ್ತು.

"ಆಮೇಲ?" ಎಂದಳು ಪುಟ್ಟನಂಜಮ್ಮ.

"ಇನ್ನೊಂದು ಗೆಡ್ಡೆ ಸುಲಿ ನಂಜವ್ವ. ಆಮೇಲ ಯೋಳ್ತೀನಿ."

ಜಗಲಿಯ ಆ ತುದಿಯಲ್ಲಿ ರುದ್ರಸ್ವಾಮಿಯ ಕುರ್ಚಿ ಕಿರ್ರೆಂದಿತು. ಪುಟ್ಟನಂಜಮ್ಮ ಬಾಗಿಲ ಕಡೆ ನೋಡಿದಳು, ಗೋಡೆಯ ಕಾಗದ ನೋಡಿದಳು. ನಂತರ ಎರಡನೇ ಗೆಡ್ಡೆಗೆ ಕೈ ಹಾಕಿದಳು.